ಬೇಸ್ ಗಿಟಾರ್‌ಗೊಂದು ಗಟ್ಟಿ ನಟ್

ನಟ್ ಅಂದ ಕೂಡಲೇ ಬೋಲ್ಟ್ ನೆನಪಾಗುತ್ತೆ ಅಲ್ವಾ? ಗಿಟಾರ್‌ನ ನಟ್ ಬೇರೆ. ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಕೂರೋ, ಕಚ್ಚು ಕೊರೆದ ಸಣ್ಣ ಪಟ್ಟಿ ಅದು. ವೀಣೆಯಲ್ಲಾದರೆ ಮೇರು ಅಂತಾರೆ.

ಅಣ್ಣ ಬಿಟ್ಟುಹೋದ ನನ್ನ ಬೇಸ್‌ನಲ್ಲಿದ್ದದ್ದು ಪ್ಲಾಸ್ಟಿಕ್ ನಟ್. ಬೇಸ್‌ನ ಸುರುಳಿ ಸುತ್ತಿದ ತಂತಿ ಅರದ ಹಾಗೆ, ಟ್ಯೂನ್ ಮಾಡಿದಾಗಲೆಲ್ಲ ಕಚ್ಚನ್ನು ಉಜ್ಜುತ್ತೆ. ಕೊನೆಗೆ ದಪ್ಪ ಇ ತಂತಿ ಎಷ್ಟು ಕೆಳಗಿಳಿದಿತ್ತೆಂದರೆ, ಬೆರಳಿಡದೆ ಮೀಟಿದರೆ ಮೊದಲ ಫ್ರೆಟ್‌ಗೆ ತಾಗಿ ಝುಯ್ ಅನ್ನೋದು. ಫ್ರೆಟ್ ಒತ್ತಿ ನುಡಿಸಿದರೆ ಸದ್ದು ಸ್ವಚ್ಛ. ಹಾಗಾಗಿ ದೋಷ ನಟ್‌ದೇ ಅಂತ ಗೊತ್ತಾಯ್ತು. ನಾಲ್ಕು ತಂತಿಯ ಬೇಸ್‌ನಲ್ಲಿ ತೆರೆದ ಇ ಅತಿ ಕೆಳಗಿನ ಸ್ವರ. ಅದೇ ಕೆಟ್ಟರೆ ಇಡೀ ಬ್ಯಾಂಡ್‌ನ ತಳಪಾಯ ಅಲುಗಾಡುತ್ತೆ. ಸೂಪರ್ ಗ್ಲೂ, ಅಡುಗೆ ಸೋಡಾ ಸೇರಿಸಿ ಕಚ್ಚು ತುಂಬಬಹುದು, ಆದರೆ ಅದು ತಾತ್ಕಾಲಿಕ.

ಹೊಸದಕ್ಕೆ ಮೂರು ದಾರಿ ಕಂಡವು. ಹೆಚ್ಚಿನವರು ಹೇಳೋದು ಮೂಳೆ: ಗಟ್ಟಿ, ಬಾಳಿಕೆ ಚೆನ್ನಾಗಿದೆ. ಅದು ಸಾಮಾನ್ಯವಾಗಿ ದನದ್ದು. ಆಯುಧಪೂಜೆ ದಿನ ಅಮ್ಮ ಈ ಬೇಸ್‌ಗೂ ಕುಂಕುಮ ಇಡ್ತಾಳೆ. ಅವಳಿಗೆ ಹೇಳದೆ ಮೂಳೆ ಹಾಕಿಸೋಕೆ ನನಗೆ ಮನಸ್ಸು ಬರಲಿಲ್ಲ. ಎರಡನೇದು ಗ್ರಾಫ್ ಟೆಕ್‌ನ ಟಸ್ಕ್‌ನಂಥ ಕೃತಕ ವಸ್ತು. ಒಳಗೆಲ್ಲ ಒಂದೇ ಸಾಂದ್ರತೆ, ಕೊರೆಯೋದೂ ಸುಲಭ. ಮೂರನೇದು ಹಿತ್ತಾಳೆ.

ನಟ್‌ನಿಂದ ನಾದ ಬದಲಾಗೋದು ತೆರೆದ ತಂತಿಗೆ ಮಾತ್ರ. ಬೆರಳು ಒತ್ತಿದ ಮೇಲೆ ಕೆಲಸವೆಲ್ಲ ಫ್ರೆಟ್‌ದು. ಗಿಟಾರ್‌ನವರು ತಂತಿ ಎಳೆದು ಬಗ್ಗಿಸ್ತಾರೆ, ಅವರಿಗೆ ಜಾರುವ ನಟ್ ಮುಖ್ಯ. ಬೇಸ್‌ನಲ್ಲಿ ಅದು ಕಡಿಮೆ, ಸವೆತ ತಡೆಯೋದೇ ದೊಡ್ಡ ಗುಣ. ಹಾಗಾಗಿ ನಾನು ಹಿತ್ತಾಳೆ ಆರಿಸಿದೆ. ಫ್ರೆಟ್‌ಗಳೂ ಲೋಹದವೇ ಆದ್ದರಿಂದ ತೆರೆದ ಸ್ವರ, ಒತ್ತಿದ ಸ್ವರ ಎರಡೂ ಹೆಚ್ಚುಕಮ್ಮಿ ಒಂದೇ ಥರ ಕೇಳುತ್ತವೆ. ಸ್ವಲ್ಪ ಚುರುಕು ಜಾಸ್ತಿ, ಅಷ್ಟೇ.

ನೀವೂ ಬದಲಿಸೋದಾದರೆ ಹಳೇ ನಟ್‌ನ ಉದ್ದ, ದಪ್ಪ, ಕಚ್ಚುಗಳ ಅಂತರ ಅಳೆದುಕೊಳ್ಳಿ. ಜಾಝ್ ಬೇಸ್‌ನಲ್ಲಿ ಉದ್ದ ಸುಮಾರು 38 ಮಿ.ಮೀ., ಪ್ರಿಸಿಷನ್‌ನಲ್ಲಿ ಅದಕ್ಕಿಂತ ಹೆಚ್ಚು. ನೀವು ಹಾಕೋ ತಂತಿಯನ್ನೇ ರಿಪೇರಿಯವರಿಗೆ ಕೊಡಿ. 45–105 ಸೆಟ್‌ನಲ್ಲಿ ಇ ತಂತಿ ಸುಮಾರು 2.7 ಮಿ.ಮೀ. ದಪ್ಪ, ಕಚ್ಚು ಅದಕ್ಕೆ ಹೊಂದಬೇಕು. ಅಂಟು ಒಂದೆರಡು ಹನಿ ಸಾಕು, ಮುಂದೆ ಬಿಡಿಸೋದು ಸುಲಭ. ಇನ್ನೊಂದು ಮಾತು, ಕೊರೆಯೋರಿಗೆ ಅವಸರ ಮಾಡಬೇಡಿ. ಕಚ್ಚು ಕಮ್ಮಿಯಾದರೆ ಮತ್ತೆ ಕೊರೀಬಹುದು, ಹೆಚ್ಚಾದರೆ ಮತ್ತೊಂದು ನಟ್ ತರಬೇಕು.