ಆರು ತಿಂಗಳ ಒಪ್ಪಂದ

ಹಿರಿಯ ಫುಟ್‌ಬಾಲ್ ಆಟಗಾರರು ಕಿರು ಅವಧಿಯ ಒಪ್ಪಂದಕ್ಕೆ ಸಹಿ ಹಾಕಿದೊಡನೆ ಅವರ ಬೇಡಿಕೆ ಕುಸಿಯಿತೆಂದು ತೀರ್ಮಾನಿಸುವುದು ಆತುರದ ಮಾತು. 2019ರ ಡಿಸೆಂಬರ್‌ನಲ್ಲಿ ಅಟಲಾಂಟಾ ತಂಡದೆದುರು 0-5ರಿಂದ ಸೋತು ಕಂಗೆಟ್ಟಿದ್ದ ಇಟಲಿಯ ಎಸಿ ಮಿಲಾನ್, ಕೆಲವೇ ದಿನಗಳಲ್ಲಿ ಸ್ವೀಡನ್ನಿನ ಜ್ಲಾಟಾನ್ ಇಬ್ರಾಹಿಮೊವಿಚ್ ಅವರನ್ನು ಆರು ತಿಂಗಳ ಮಟ್ಟಿಗೆ ಕರೆಸಿಕೊಂಡಿತು. ಒಪ್ಪಂದದಲ್ಲಿ ವಿಸ್ತರಣೆಯ ಷರತ್ತು, ಅಂದರೆ ಮುಂದಿನ ಋತುವಿಗೂ ಆಟಗಾರನನ್ನು ಉಳಿಸಿಕೊಳ್ಳಬಹುದಾದ ಅವಕಾಶ, ಸೇರಿತ್ತು. ಆಗ ಅವರಿಗೆ 38 ವರ್ಷ. 2017ರಲ್ಲಿ ಬಲ ಮೊಣಕಾಲಿನ ಅಸ್ಥಿರಜ್ಜು, ಎಂದರೆ ಎಲುಬುಗಳನ್ನು ಹಿಡಿದಿಡುವ ನಾರುಪಟ್ಟಿ, ಹರಿದು ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ದೇಹ ಇನ್ನೆಷ್ಟು ಕಾಲ ಬಾಳಿಕೆ ಬರುವುದೆಂದು ಯಾರೂ ಖಾತರಿ ಕೊಡುವಂತಿರಲಿಲ್ಲ. ಇಂಥ ಸ್ಥಿತಿಯಲ್ಲಿ ಕಿರು ಒಪ್ಪಂದವು ಕ್ಲಬ್ಬಿನ ಸಂಬಳದ ಹೊರೆಯನ್ನು ಮಿತಗೊಳಿಸುವುದರ ಜೊತೆಗೆ, ಕಾಲು ಸಹಕರಿಸದಿದ್ದರೆ ಯಾರಿಗೂ ಭಾರವಾಗದೆ ಹೊರಡುವ ಸ್ವಾತಂತ್ರ್ಯವನ್ನು ಆಟಗಾರನಿಗೆ ಉಳಿಸಿಕೊಡುತ್ತದೆ. ಈ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ಹಿರಿಯ ಆಟಗಾರನು ಹಳೆಯ ಹೆಸರಿನಿಂದಲ್ಲ, ಆ ಋತುವಿನ ಆಟದಿಂದಲೇ ತನ್ನ ಸ್ಥಾನವನ್ನು ಗಳಿಸಿಕೊಳ್ಳುತ್ತಾನೆ. ಇಬ್ರಾಹಿಮೊವಿಚ್ ಅವರ ಒಪ್ಪಂದ ವರ್ಷವರ್ಷಕ್ಕೂ ನವೀಕರಣಗೊಂಡಿತು. 2022ರ ಮೇ ತಿಂಗಳಲ್ಲಿ ಮಿಲಾನ್ 11 ವರ್ಷಗಳ ಬಳಿಕ ಇಟಲಿಯ ಲೀಗ್ ಪ್ರಶಸ್ತಿ ಗೆದ್ದಾಗ ಅವರು ಆ ತಂಡದಲ್ಲಿದ್ದರು, 2023ರ ಜೂನ್‌ನಲ್ಲಿ ಅಲ್ಲಿಂದಲೇ ನಿವೃತ್ತರಾದರು.