ಶೀಗಿ ಹುಣ್ಣಿಮೆಯ ಸಂಜೆ ಬಾದಾಮಿಯ ಬಾನಲ್ಲಿ

2022ರ ಅಕ್ಟೋಬರ್ 9, ಶೀಗಿ ಹುಣ್ಣಿಮೆ. ಬಾಗಲಕೋಟೆ ಸೀಮೆಯ ಒಕ್ಕಲು ಮನೆಗಳಿಗೆ ಅದು ಹೊಲಕ್ಕೆ ಹೋಗಿ, ಬೆಳೆ ಪೂಜಿಸಿ, ಚರಗ ಚೆಲ್ಲುವ ದಿನ. ಸಂಜೆ 6 ಗಂಟೆ 47 ನಿಮಿಷ. ಮೂಡಲಲ್ಲಿ ಚಂದ್ರ ಏರುತ್ತಿದ್ದಾಗ, ಬಾದಾಮಿಯ ಹೆಚ್ಚುಕಡಿಮೆ ನೆತ್ತಿಯ ಮೇಲಿಂದಲೇ ಗಾಮಾ ಕಿರಣಗಳ ಒಂದು ಸುರಿಮಳೆ ಬಂತು.

ಯಾರ ಕಣ್ಣಿಗೂ ಅದು ಬೀಳಲಿಲ್ಲ. ಗಾಮಾ ಕಿರಣ ಕಣ್ಣಿಗೆ ಕಾಣದು, ವಾತಾವರಣ ಅದನ್ನು ನೆಲ ಮುಟ್ಟಗೊಡದು. ಆದರೆ ಭಾರತದಲ್ಲಿ ಸಿಡಿಲಿಗೆಂದು ಇಟ್ಟಿದ್ದ ಉಪಕರಣಗಳು ಕೂಡ ಅದಕ್ಕೆ ಬೆಚ್ಚಿದವು. ದೂರದ ಗೆಲಾಕ್ಸಿಯಲ್ಲಿ ಭಾರಿ ನಕ್ಷತ್ರವೊಂದು ಕುಸಿದಾಗ ಚಿಮ್ಮಿದ ಈ ಸ್ಫೋಟ, ಅದುವರೆಗೆ ದಾಖಲಾದವುಗಳಲ್ಲೆಲ್ಲ ಪ್ರಖರವಾದುದು. ಅದರ ಹೆಸರು ಜಿಆರ್‌ಬಿ 221009ಎ.

ಸುರಿಮಳೆ ಕೆಲವೇ ನಿಮಿಷಗಳದು. ಆಮೇಲೆ ಉಳಿಯುವುದು ಮರುಬೆಳಕು. ಚಿಮ್ಮಿದ ವಸ್ತು ಸುತ್ತಲಿನ ಅನಿಲಕ್ಕೆ ಅಪ್ಪಳಿಸಿ ಎಬ್ಬಿಸುವ ಈ ಹೊಳಪು ಬೇಗನೆ ಕುಗ್ಗುತ್ತ ಹೋಗುತ್ತದೆ. ಸ್ಫೋಟ ಎಷ್ಟು ದೂರದ್ದೆಂದು ಹೇಳುವುದೂ ಅದೇ ಆದ್ದರಿಂದ ಖಗೋಳ ವಿಜ್ಞಾನಿಗಳಿಗೆ ಅಷ್ಟು ಅವಸರ. ಈ ಬೇಟೆ ಕನ್ನಡನಾಡಿಗೆ ಹೊಸದಲ್ಲ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವವರು ಕೂರುವುದು ಬೆಂಗಳೂರಿನ ಮಗ್ಗುಲ ಹೊಸಕೋಟೆಯಲ್ಲಿ. 2003ರ ಮಾರ್ಚ್ 29ರ ಸ್ಫೋಟದ ಮರುಬೆಳಕನ್ನು ಆ ದೂರದರ್ಶಕ ಹಿಂಬಾಲಿಸಿತ್ತು.

2022ರ ಸ್ಫೋಟಕ್ಕೆ ಅಡ್ಡವಾದದ್ದು ಧೂಳು. ಅದು ಇದ್ದದ್ದು ನಮ್ಮ ಕ್ಷೀರಪಥದ ದಟ್ಟ ಪಟ್ಟಿಯ ಹಿಂದೆ. ಕಣದಲ್ಲಿ ರಾಶಿ ತೂರುವಾಗ ಮುಳುಗುವ ಸೂರ್ಯ ಇನ್ನಷ್ಟು ಕೆಂಪಗೆ ಕಾಣುವುದುಂಟಲ್ಲ? ಧೂಳು ನೀಲಿಯನ್ನು ಚೆದುರಿಸಿ ಕೆಂಪಿಗೆ ದಾರಿ ಬಿಡುತ್ತದೆ. ಕೆಂಪಿನಾಚೆಯ ಅವಕೆಂಪು ಇನ್ನೂ ಸಲೀಸಾಗಿ ದಾಟುತ್ತದೆ. ಅಕ್ಟೋಬರ್ 22ರಂದು ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಮರುಬೆಳಕನ್ನು ಹಿಡಿದದ್ದು ಈ ಅವಕೆಂಪಿನಲ್ಲೇ. ತಿಂಗಳುಗಳ ನಂತರ ಮತ್ತೆ ಅಲ್ಲಿಗೇ ತಿರುಗಿ, ಚಿನ್ನದಂಥ ಭಾರ ಧಾತುಗಳು ಅಲ್ಲಿ ಹುಟ್ಟಿದ ಕುರುಹುಂಟೇ ಎಂದು ಹುಡುಕಿತು. ಸಿಗಲಿಲ್ಲ. ಜಗತ್ತಿನ ಚಿನ್ನವೆಲ್ಲ ಎಲ್ಲಿ ತಯಾರಾಯಿತೆಂಬ ಲೆಕ್ಕ ಹೀಗೆ ಬಾಕಿಯೇ ಉಳಿಯಿತು.

ಆ ಬೆಳಕು ಹೊರಟದ್ದು ಸುಮಾರು 190 ಕೋಟಿ ವರ್ಷಗಳ ಹಿಂದೆ. ಇಂಥ ಅಂಕಿ ಕೇಳಿದರೆ ತಲೆ ಗಿರ್ ಎನ್ನುತ್ತದೆ. ಅದಕ್ಕೊಂದು ಅಳತೆಗೋಲು ಬೇಕೆನ್ನುವವರು ಬಾದಾಮಿಯಲ್ಲಿ ಇಳಕಲ್ಲಿನ ದಾರಿ ಹಿಡಿಯಬೇಕು. ಮಂಗಲೇಶನ 578ರ ಶಾಸನವಿರುವ ಮೂರನೆಯ ಗುಹೆಯ ಮಾತಿರಲಿ, ಗುಹೆ ಕೊರೆದ ಆ ಕೆಂಪು ಮರಳುಗಲ್ಲೇ ಬೆಳಕು ಅರ್ಧ ದಾರಿ ಸವೆಸಿದ ಆಸುಪಾಸಿನಲ್ಲಿ ಕೂಡಿದ್ದು. ಬಾಗಲಕೋಟೆಯ ಸುತ್ತಿನ ಸುಣ್ಣಕಲ್ಲು ಅದಕ್ಕಿಂತ ಹಿರಿಯದು. ಸಿಮೆಂಟ್ ಕಾರ್ಖಾನೆ ಇಲ್ಲಿಗೆ ಬಂದದ್ದು ಈ ಕಲ್ಲಿನಿಂದಲೇ. ಮುಂದೆ ಹುನಗುಂದ ಸೀಮೆಯಲ್ಲಿ ಕಬ್ಬಿಣ ಬೆರೆತ ಪಟ್ಟೆಪಟ್ಟೆಯ ಬಲು ಹಳೆಯ ಶಿಲೆ.

ಇಳಕಲ್ಲಿನಲ್ಲಿ ಇಳಿದವರು ಸಾಮಾನ್ಯವಾಗಿ ಸೀರೆ ಅಂಗಡಿ ಕೇಳುತ್ತಾರೆ, ಟೋಪ ತೆನಿ ಸೆರಗು ನೋಡುತ್ತಾರೆ. ನೋಡಲಿ. ಆದರೆ ಊರ ಹೊರಗಿನ ಕ್ವಾರಿಗಳಿಗೂ ಹೋಗಬೇಕು. ಅಲ್ಲಿಯ ಕೆಂಪು ಗ್ರಾನೈಟಿನ ವಯಸ್ಸು 250 ಕೋಟಿ ವರ್ಷಗಳ ಸುಮಾರು. ಬೆಳಕು ಅಲ್ಲಿಂದ ಹೊರಟಾಗ ಈ ಕಲ್ಲು ಆಗಲೇ ಇಲ್ಲಿತ್ತು. ಈಗ ಅದನ್ನು ಕಡಿದು, ಹೊಳಪಿಟ್ಟು, ದೂರದ ದೇಶಗಳ ಕಟ್ಟಡಗಳಿಗೆ ಕಳಿಸುತ್ತಾರೆ.