ದಾರಿಬುತ್ತಿಯ ಒಣಹಣ್ಣು

ಭೀಮಾಶಂಕರದಿಂದ ಹರಿಶ್ಚಂದ್ರಗಡದತ್ತ ಸಹ್ಯಾದ್ರಿಯ ನೆತ್ತಿಯ ಮೇಲೆ ಐದು ದಿನ ನಡೆಯುವವರಿಗೆ ಅಕ್ಕಿ, ಬೇಳೆ ದಾರಿಯ ಹಳ್ಳಿಗಳಲ್ಲಿ ದೊರೆತೀತು. ಆದರೆ ನಡುಹಗಲಿನಲ್ಲಿ ಊರೂ ಇಲ್ಲದ, ಒಲೆ ಹೂಡುವಷ್ಟು ನೀರೂ ಇಲ್ಲದ ಎಡೆಯಲ್ಲಿ ಕೈಹಿಡಿಯುವುದು ಒಣಹಣ್ಣು. ಸುಮಾರು 4 ಕಿಲೋ ದ್ರಾಕ್ಷಿ ಒಣಗಿ 1 ಕಿಲೋ ಆಗುತ್ತದೆ. ಹೊರುವ ಹೆಗಲಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ತಲೆಗೆ ದಿನಕ್ಕೆ 100 ಗ್ರಾಂ ಎಂಬುದು ನಮ್ಮ ಲೆಕ್ಕ. ಹತ್ತು ಮಂದಿಗೆ, ಐದು ದಿನಕ್ಕೆ, 5 ಕಿಲೋ.

ಇಷ್ಟನ್ನು ಬಾಂದ್ರಾದ ಹಿಲ್ ರೋಡಿನಲ್ಲೋ ಪಾಲಿ ಮಾರುಕಟ್ಟೆಯಲ್ಲೋ ಸಣ್ಣ ಪೊಟ್ಟಣಗಳಲ್ಲಿ ಕೊಂಡರೆ ಹಣ್ಣಿಗಿಂತ ಪೊಟ್ಟಣಕ್ಕೇ ಹೆಚ್ಚು ತೆತ್ತಂತೆ. ಆದ್ದರಿಂದ ಬಾಂದ್ರಾದಿಂದ ಹಾರ್ಬರ್ ಮಾರ್ಗದ ಲೋಕಲ್ ಹಿಡಿದು ನೇರವಾಗಿ ಮಸ್ಜಿದ್‌ನಲ್ಲಿ ಇಳಿಯುತ್ತೇವೆ. ವಾಶಿಯ ಸಗಟು ಮಾರುಕಟ್ಟೆ ಇನ್ನೂ ದೊಡ್ಡದು, ನಿಜ. ಆದರೆ ಪೆಟ್ಟಿಗೆ ಹೊತ್ತು ಹಿಂದಿರುಗುವವರಿಗೆ ಗಾಡಿ ಬದಲಿಸುವ ಹೊರೆ ಬೇಡ.

ಅಗ್ಗವೊಂದೇ ನಮ್ಮನ್ನು ಅಲ್ಲಿಗೆ ಒಯ್ಯುವುದಿಲ್ಲ. ನಮ್ಮೊಡನೆ ನಡೆಯುವ ಹಿರಿಯ ಅಕ್ಕನೊಬ್ಬರಿಗೆ ಉಬ್ಬಸವಿದೆ. ಚಿನ್ನದ ಬಣ್ಣದ ದ್ರಾಕ್ಷಿ, ಕಿತ್ತಳೆಯಂತೆ ಹೊಳೆಯುವ ಜರ್ದಾಳು ಆ ಬಣ್ಣವನ್ನು ಉಳಿಸಿಕೊಳ್ಳುವುದು ಸಾಮಾನ್ಯವಾಗಿ ಗಂಧಕದ ಹೊಗೆಯಿಂದ. ಅದರ ಶೇಷ ಉಬ್ಬಸವುಳ್ಳ ಕೆಲವರ ಉಸಿರನ್ನು ಕಟ್ಟಿಸಬಲ್ಲದು. ಮನೆಯಲ್ಲಾದರೆ ವೈದ್ಯರಿದ್ದಾರೆ, ನಾಣೇಘಾಟಿನ ಆಚೆಯ ಬೋಳುಗುಡ್ಡದಲ್ಲಿ ಯಾರಿದ್ದಾರೆ? ವಿಜಯಪುರದ ಕಡೆ ದ್ರಾಕ್ಷಿತೋಟವಿರುವ ನಮ್ಮ ಗೆಳೆಯ ಮೊದಲ ಸಲವೇ ಹೇಳಿದ್ದ: “ಭಾಳ ಹೊಳೀತದಂದ್ರ ಹೊಗಿ ಕುಡದದ ಅಂತ ತಿಳೀರಿ, ಅಕ್ಕಾರ.”

ಬಿಡಿ ರಾಶಿಗೆ ಚೀಟಿಯಿರುವುದಿಲ್ಲ. ಅಂಗಡಿಯವರು ಒಂದು ಹಿಡಿ ಬಾಯಿಗೆ ಕೊಟ್ಟಾರು, ಹುಟ್ಟಿದೂರನ್ನೂ ಹೇಳಿಯಾರು. ಹೊಗೆಯ ಮಾತು ಬಂದಾಗ ಎಲ್ಲವೂ ಶುದ್ಧವೇ. ಮುದ್ರೆಯೊಡೆಯದ ಪೆಟ್ಟಿಗೆಯ ಮೇಲಾದರೆ ಬಳಸಿದ ಸಂರಕ್ಷಕವನ್ನು ಅಚ್ಚು ಹಾಕಿರಬೇಕು: ಸಲ್ಫರ್ ಡೈಆಕ್ಸೈಡ್, ಅಥವಾ ಬರಿಯ 220 ಎಂಬ ಅಂಕಿ. 15 ಕಿಲೋ ಪೆಟ್ಟಿಗೆಯನ್ನೇ ಇಡಿಯಾಗಿ ಕೊಳ್ಳುವುದಕ್ಕೆ ನಮಗಿರುವ ಮುಖ್ಯ ಕಾರಣ ಆ ಸಣ್ಣ ಅಕ್ಷರಗಳು. ಅಕ್ಕನಿಗೊಂದು ಬೇರೆ ಚೀಲ ಸಾಕೆಂಬ ಸಲಹೆಯೂ ಬಂದಿತ್ತು. ಕತ್ತಲಲ್ಲಿ, ದಣಿದ ಕೈಗಳಲ್ಲಿ ಚೀಲಗಳು ಅದಲುಬದಲಾಗುತ್ತವೆ. ಎಲ್ಲರೂ ಕಂದುಹಣ್ಣನ್ನೇ ತಿನ್ನುವುದೆಂದು ತೀರ್ಮಾನಿಸಿದೆವು.

ಉತ್ತತ್ತಿ ಅಲ್ಲಿಯೇ ದೊರೆಯುತ್ತದೆ. ಏರುದಾರಿಯಲ್ಲಿ ಒಂದನ್ನು ದವಡೆಗಿಟ್ಟುಕೊಂಡರೆ ಬಹಳ ಹೊತ್ತು ಬಾಯಿ ಆರದು. ಬೀಜದ ತೂಕ ಮಾತ್ರ ದಂಡ. ಸುಕೇಳಿಗೆ ವಸಯಿಗೇ ಹೋಗಬೇಕು. ಅಲ್ಲಿ ರಾಜೇಳಿ ಬಾಳೆಯನ್ನು ಸುಲಿದು ಬಿಸಿಲಲ್ಲಿ ಒಣಗಿಸುತ್ತಾರೆ. ಯಲ್ಲಾಪುರದ ಕಡೆಯವರಾದ ನಮ್ಮಲ್ಲೊಬ್ಬರು ಆ ಹೆಸರನ್ನು ಮರಾಠಿ ಬಾಯಿಯಲ್ಲಿ ಕೇಳಿ ಹಿಗ್ಗಿದರು. ಅವರ ಮನೆಯಲ್ಲೂ ಅದು ಸುಕೇಳಿಯೇ.

ಹೊರಡುವ ಹಿಂದಿನ ರಾತ್ರಿ ದಿನಕ್ಕೊಂದರಂತೆ ಬಟ್ಟೆಚೀಲ ತುಂಬುತ್ತೇವೆ. ಒಂದೇ ಚೀಲದಲ್ಲಿ ಒಯ್ದರೆ ಮೂರನೆಯ ದಿನಕ್ಕೇ ಬರಿದಾಗುವುದು ಖಂಡಿತ. ಬೆಳಗಿನ ಪಾಲನ್ನು ರಾತ್ರಿಯೇ ಮುಚ್ಚಳದ ಡಬ್ಬಿಯಲ್ಲಿ ನೆನೆಹಾಕಿ, ಆ ನೀರಿನೊಡನೆಯೇ ಅವಲಕ್ಕಿ, ಬೆಲ್ಲ, ಕೊಬ್ಬರಿ ಕಲಸುತ್ತೇವೆ. ಒಂದು ಹನಿಯೂ ಪೋಲಾಗದು. ಪೆಟ್ಟಿಗೆಯಲ್ಲಿ ಉಳಿದ ದ್ರಾಕ್ಷಿ ಬಾಂದ್ರಾದ ನಮ್ಮ ನಾಲ್ಕು ಮನೆಗಳಿಗೆ ಹಂಚಿಹೋಗುತ್ತದೆ. ಪಾಯಸ ಕಪ್ಪಾಯಿತೇಕೆಂದು ಬಂದ ನೆಂಟರು ಕೇಳುತ್ತಲೇ ಇರುತ್ತಾರೆ.